ಹನ್ನೊಂದು ಆಟಗಳ ಹಲಗೆ

"ಸ್ವಲ್ಪ ಎಡಕ್ಕೆ... ಸಾಕು, ಸಾಕು. ಈಗ ತಲೆ ಕಡೆ ಎತ್ತಿ," ಎಂದು ಗಣಿತದ ಮೇಷ್ಟ್ರು ಕೆಳಗಿನಿಂದ ಕೂಗಿದರು.

ಮೆಟ್ಟಿಲು ತಿರುಗುವ ಮೂಲೆಯಲ್ಲಿ ಅಪ್ಪನ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಮೇಲೆ ಮನೆ, ಕೆಳಗೆ ವಿಡಿಯೋ ಗೇಮ್ ರಿಪೇರಿ ಅಂಗಡಿ. ಅಪ್ಪ ಮೂವತ್ತು ವರ್ಷ ದಿನಕ್ಕೆ ಹತ್ತು ಸಲ ಹತ್ತಿಳಿದ ಮೆಟ್ಟಿಲು ಈಗ ಅವನನ್ನು ಬಿಟ್ಟುಕೊಡಲು ಒಪ್ಪುತ್ತಿರಲಿಲ್ಲ. ಹಿಂದಿನ ಹಿಡಿಕೆ ಮಗಳ ಕೈಯಲ್ಲಿತ್ತು. ಮುಂದೆ ಚಿಕ್ಕಪ್ಪ, ಅವನ ಪಕ್ಕ ಎಲೆಕ್ಟ್ರಿಷಿಯನ್.

"ನಿಮ್ಮಪ್ಪ ಇದ್ದಿದ್ರೆ ಒಂದೇ ಸಲಕ್ಕೆ ತಿರುಗಿಸಿ ಇಳಿಸ್ತಿದ್ದ," ಎಂದ ಎಲೆಕ್ಟ್ರಿಷಿಯನ್, ಏದುಸಿರಿನಲ್ಲಿ. "ಬೀಳೋ ಇಟ್ಟಿಗೆಗಳನ್ನ ತಿರುಗಿಸಿ ಕೂರಿಸೋ ಆ ಆಟದಲ್ಲಿ ಅವನನ್ನ ಮೀರಿಸಿದೋರು ಯಾರಿದ್ರು?"

"ಹೊತ್ತುಗೊತ್ತು ಇಲ್ವೇನ್ರಿ ನಿಮಗೆ?" ಎಂದು ಚಿಕ್ಕಪ್ಪ ಗದರಿದ.

ಮಗಳಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು. ಅದರ ಬೆನ್ನಿಗೇ ಕಣ್ಣೂ ತುಂಬಿತು. ಪೆಟ್ಟಿಗೆ ಹೇಗೋ ತಿರುಗಿ ಕೆಳಗಿಳಿಯಿತು.

ಮಣ್ಣು ಮಾಡಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಂಗಡಿಯ ಷಟರ್ ಅರ್ಧ ಎತ್ತಿ ಒಳಗೆ ಕೂತವರು ನಾಲ್ಕೇ ಜನ. ಬೆಸುಗೆಯ ವಾಸನೆ ಇನ್ನೂ ಹೋಗಿರಲಿಲ್ಲ. ಚಿಕ್ಕಪ್ಪ ಚಹಾದ ಲೋಟ ಹಿಡಿದು ಗೋಡೆಯತ್ತ ನೋಡಿದ. ಎತ್ತರದಲ್ಲಿ ಒಂದೇ ಒಂದು ಮರದ ಹಲಗೆ, ಅದರ ಮೇಲೆ ಹನ್ನೊಂದು ಆಟದ ಡಬ್ಬಿ.

"ಇವು ಮಾರೋಕಲ್ವಾ?"

"ಅಯ್ಯೋ, ಅವನ್ನ ಮುಟ್ಟಿದ್ರೆ ನಿಮ್ಮಣ್ಣ ಎದ್ದು ಬರ್ತಾನೆ," ಎಂದ ಎಲೆಕ್ಟ್ರಿಷಿಯನ್. "ಕಲೆ ಅಂತ ನಾವು ಮೂವರೂ ಒಪ್ಪಿದ ಆಟಗಳು ಅವು. ಪ್ರತಿ ಭಾನುವಾರ ಇಲ್ಲಿ ಕೂತು ಕಿತ್ತಾಡ್ತಿದ್ವಿ. ಮೂವತ್ತು ವರ್ಷಕ್ಕೆ ಹನ್ನೊಂದು!"

"ಆ ಇಟ್ಟಿಗೆ ಬೀಳೋದೂ ಕಲೇನಾ? ಕತೆ ಇಲ್ಲ, ಚಿತ್ರ ಇಲ್ಲ."

"ಅದೇ ಮೊದಲನೇದು," ಎಂದರು ಮೇಷ್ಟ್ರು. "ಚಿತ್ರ ಚೆನ್ನಾಗಿರೋವು ಇನ್ನೂರು ಬಂದ್ವು, ಇನ್ನೂರೂ ವಾಪಸ್ ಹೋದ್ವು. ಆಟ ಮುಗಿದ ಮೇಲೂ ಕೈ ಅದನ್ನ ನೆನಪಿಟ್ಟುಕೊಂಡಿರುತ್ತಾ ಅಂತ ಕೇಳ್ತಿದ್ದ ನಿಮ್ಮಣ್ಣ."

ಮಗಳು ಹಲಗೆಯತ್ತ ತಲೆ ಎತ್ತಲಿಲ್ಲ.

*

ಮೂರು ವರ್ಷದ ಹಿಂದೆ ಅವಳೂ ಒಂದು ಆಟ ಮಾಡಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿಯುತ್ತ, ರಜೆಗಳನ್ನೆಲ್ಲ ಸುರಿದು, ನಾಲ್ಕು ವರ್ಷದಲ್ಲಿ ಮುಗಿಸಿದ್ದು. ಅದರಲ್ಲಿ ಒಬ್ಬ ದೋಣಿಯವಳು ಜನರನ್ನು ಒಬ್ಬೊಬ್ಬರನ್ನಾಗಿ ಹೊಳೆ ದಾಟಿಸುತ್ತಾಳೆ. ಹತ್ತಿದವರು ಎರಡು ಮಾತಾಡುತ್ತಾರೆ, ಇಳಿಯುತ್ತಾರೆ. ಕೊನೆಯ ಸಲ ಹತ್ತಲು ಯಾರೂ ಇರುವುದಿಲ್ಲ.

ಡಬ್ಬಿಯನ್ನು ಅಪ್ಪನ ಕೈಗಿಟ್ಟಾಗ ಅವನು ಕನ್ನಡಕ ಒರೆಸಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ್ದ. ಮರುವಾರ ಅವಳು ಬಂದಾಗ ಹಲಗೆಯ ಮೇಲೆ ಅದು ಇರಲಿಲ್ಲ.

"ಏನಾಯ್ತಪ್ಪ?"

"ಚೆನ್ನಾಗಿದೆ ಮರಿ. ಹಲಗೆಗೆ ಸಾಲಲ್ಲ."

"ಯಾಕೆ?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಇಟ್ಟು, ಮತ್ತೆ ಎತ್ತಿಕೊಂಡ. "ಸಾಲಲ್ಲ, ಅಷ್ಟೆ."

ಆಮೇಲೆ ಅವಳು ಬರುವುದು ಕಡಿಮೆಯಾಯಿತು. ಬಂದರೂ ಮಾತು ಮಾತ್ರೆಗಳ ಬಗ್ಗೆ, ನಲ್ಲಿ ಸೋರುವುದರ ಬಗ್ಗೆ. ಆಟದ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

*

"ನಿನಗೊಂದು ಮಾತು ಹೇಳ್ಬೇಕು," ಎಂದರು ಮೇಷ್ಟ್ರು. ಚಹಾ ಆರಿ ಕೆನೆಗಟ್ಟಿತ್ತು. "ನಿನ್ನ ಆಟ ಬೇಡ ಅಂದಿದ್ದು ನಿಮ್ಮಪ್ಪ ಅಲ್ಲ. ನಾನು."

ಎಲೆಕ್ಟ್ರಿಷಿಯನ್ ನೆಲ ನೋಡಿದ.

"ಮೂವರಲ್ಲಿ ಒಬ್ಬರು ಬೇಡ ಅಂದ್ರೂ ಆಟ ಹಲಗೆ ಮೇಲೆ ಹೋಗಲ್ಲ. ಬೇಡ ಅಂದೋರು ಯಾರು ಅಂತ ಹೊರಗೆ ಹೇಳೋ ಹಾಗಿಲ್ಲ, ಅಂಗಡಿಯವನೇ ತನ್ನ ಮಾತು ಅಂತ ಹೇಳ್ಬೇಕು. ಅವನೇ ಮಾಡಿದ ಕಟ್ಟಳೆ. ನಿನ್ನ ಆಟಕ್ಕೆ ಅವನು ನನ್ನ ಜೊತೆ ಮೂರು ಗಂಟೆ ಜಗಳ ಆಡ್ದ. ವರ್ಷಕ್ಕೊಂದು ಸಲ ಮತ್ತೆ ಎದುರಿಗೆ ತಂದಿಡ್ತಿದ್ದ. ನಾನು ಜಗ್ಗಲಿಲ್ಲ."

ಮಗಳ ಮುಖ ಕೆಂಪೇರಿತು. "ಅವನನ್ನ ಮಣ್ಣಲ್ಲಿಟ್ಟು ಬಂದು ಈಗ ಹೇಳ್ತಿದೀರಾ ಮೇಷ್ಟ್ರೇ? ಒಂದು ಸಲ ಸುಳ್ಳಿಗೆ ಹೂಂ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಅವನಿಗೆ ಗೊತ್ತಾಗ್ತಿತ್ತು."

ಹೊರಗೆ ಯಾವುದೋ ಗಾಡಿ ಹಾರ್ನ್ ಹೊಡೆದು ಹೋಯಿತು. ಅವಳು ಎದ್ದು ಬಾಗಿಲವರೆಗೆ ಹೋದಳು. ಷಟರಿನ ಕೆಳಗಿನ ಬಿಸಿಲಿನ ಪಟ್ಟಿಯನ್ನು ನೋಡುತ್ತ ನಿಂತಳು. ಮೂರು ವರ್ಷ. ಅಪ್ಪ ಅವಳಿಗಾಗಿ ಜಗಳ ಆಡುತ್ತಿದ್ದ ಭಾನುವಾರಗಳಲ್ಲಿ ಅವಳು ಊರಿನ ಇನ್ನೊಂದು ತುದಿಯಲ್ಲಿ ಮುಖ ಊದಿಸಿಕೊಂಡು ಬಟ್ಟೆ ಒಗೆಯುತ್ತಿದ್ದಳು.

"ಯಾಕೆ ಬೇಡ ಅಂದ್ರಿ?" ಎಂದಳು, ತಿರುಗದೆ.

"ಹೇಳಿದ್ರೆ ಸರಿಹೋಗಲ್ಲ. ತೋರಿಸ್ತೀನಿ."

ಮೇಷ್ಟ್ರಿಗೆ ಅವಳ ಆಟದ ಡಬ್ಬಿ ಎಲ್ಲಿದೆಯೆಂದು ಗೊತ್ತಿತ್ತು. ಮೇಜಿನ ಖಾನೆ ಎಳೆದು ತೆಗೆದರು. ಡಬ್ಬಿಯ ಅಂಚು ಸವೆದು ಬೆಳ್ಳಗಾಗಿತ್ತು. ಎಲೆಕ್ಟ್ರಿಷಿಯನ್ ಹಳೇ ಟೀವಿಗೆ ತಂತಿ ಸಿಕ್ಕಿಸಿದ. ಮೇಷ್ಟ್ರು ಹೊಸ ಕರಿ ಕೋಟಿನಲ್ಲೇ ಸ್ಟೂಲಿನ ಮೇಲೆ ಕೂತು ಆಡತೊಡಗಿದರು. ಚಿಕ್ಕಪ್ಪ ಮೊದಲು ಗೊಣಗಿದ. ದೋಣಿ ಹತ್ತಿದ ಮುದುಕಿ ತನ್ನ ಕೋಳಿಯ ಬಗ್ಗೆ ದೂರಿದಾಗ ನಕ್ಕ. ಆಮೇಲೆ ತನ್ನ ಸ್ಟೂಲನ್ನು ಹತ್ತಿರ ಎಳೆದುಕೊಂಡ.

ತಾನು ಮಾಡಿದ್ದನ್ನು ಇನ್ನೊಬ್ಬರು ಆಡುವುದನ್ನು ಮಗಳು ಹೀಗೆ ಹತ್ತಿರದಿಂದ ನೋಡಿರಲಿಲ್ಲ. ಮೇಷ್ಟ್ರ ಹೆಬ್ಬೆರಳು ಹೊಳೆಯ ಸೆಳೆತಕ್ಕೆ ತಕ್ಕ ಹಾಗೆ ಒತ್ತಿ ಬಿಡುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ದೋಣಿ ಖಾಲಿಯಾಗಿ ತಿರುಗಿ ಹೊರಟಿತು. ನೀರಿನ ಸದ್ದು ಮಾತ್ರ ಉಳಿಯಿತು.

ಆಗ ಪರದೆಯ ಕೆಳಗೆ ಅಕ್ಷರ ಮೂಡಿದವು: 'ದಾಟಿಸಿದವಳನ್ನು ದಾಟಿಸುವವರು ಯಾರೂ ಇರಲಿಲ್ಲ. ಆದರೂ ಅವರೆಲ್ಲರ ನೆನಪು ಅವಳ ಜೊತೆಗಿತ್ತು.'

ಮೇಷ್ಟ್ರು ಆಟವನ್ನು ಮುಂದುವರಿಸದೆ ಅವಳ ಮುಖ ನೋಡಿದರು. "ನಮಗೆ ಗೊತ್ತಾಗಿತ್ತಮ್ಮ," ಎಂದರು, ಮೆಲ್ಲಗೆ. "ಖಾಲಿ ದೋಣಿ ಹೊರಟಾಗ್ಲೇ ಗೊತ್ತಾಗಿತ್ತು, ಈ ಸಾಲು ಬರೋಕೆ ಮೊದಲೇ."

ಅವಳು ಬಹಳ ಹೊತ್ತು ಆ ಸಾಲುಗಳನ್ನು ಓದಿದಳು. ನಂತರ ಟೀವಿಯ ಹತ್ತಿರ ಹೋಗಿ, ಮಂಡಿಯೂರಿ, ಅಕ್ಷರಗಳ ಮೇಲೆ ಅಂಗೈ ಅಡ್ಡ ಇಟ್ಟಳು. ಪರದೆಯ ಬೆಳಕು ಬೆರಳ ಸಂದಿಯಲ್ಲಿ ಸ್ವಲ್ಪ ಸ್ವಲ್ಪವೇ ಸೋರಿತು. ಕೈಗಿಂತ ಮೇಲೆ, ನೀರಿನ ನಡುವೆ, ಖಾಲಿ ದೋಣಿ ಅಲುಗುತ್ತಿತ್ತು. ಮುಂದಕ್ಕೆ ಹೋಗಲು ಮೇಷ್ಟ್ರು ಗುಂಡಿ ಒತ್ತಲಿಲ್ಲ. ಯಾರೂ ಒತ್ತಿ ಎನ್ನಲೂ ಇಲ್ಲ.