ಹತ್ತು ಎಣಿಸುವ ತನಕ

"ಹದಿನಾಲ್ಕು ಪುಟ ಬರ್ಕೊಂಡು ಬಂದಿದ್ದೀಯ, ಸಂತೋಷ. ಇದ್ರಲ್ಲಿ ಇಸ್ತ್ರಿ ಅಂಗಡಿಯಮ್ಮನ ಮಾತು ಎಷ್ಟಿದೆ ಅಂತ ಎಣಿಸಿದ್ಯಾ?" ಮೇಡಂ ಕನ್ನಡಕದ ಮೇಲಿಂದ ನೋಡಿದರು.

ತರಗತಿಯಲ್ಲೆಲ್ಲ ರೇಡಿಯೋ ಎಂದೇ ಹೆಸರಾದ ಆ ಹುಡುಗಿ ಎಣಿಸಿರಲಿಲ್ಲ. ಮೇಡಂ ಎಣಿಸಿದ್ದರು. ಪ್ರಶ್ನೆ ಕೇಳುವವರ ಮಾತಿನ ಕೆಳಗೆಲ್ಲ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದು ಅವರ ಪದ್ಧತಿ. ಮಹಿಳಾ ಅಧ್ಯಯನ ವಿಭಾಗದಲ್ಲಿ ಓದಿ ಹೋದವರೆಲ್ಲ ಆ ಪೆನ್ಸಿಲ್ಲಿಗೆ ಹೆದರಿದವರೇ. ಉಳಿದವರ ಹಾಳೆಗಳಲ್ಲಿ ಅಲ್ಲೊಂದು ಇಲ್ಲೊಂದು ಗೆರೆಯಿದ್ದರೆ, ಇವಳ ಹಾಳೆಗಳು ಮೊದಲಿಂದ ಕೊನೆಯತನಕ ಕೆಂಪೋ ಕೆಂಪು.

"ಐದನೇ ಪುಟ ಓದು, ಎಲ್ಲರಿಗೂ ಕೇಳೋ ಹಾಗೆ."

ಅವಳು ಗಂಟಲು ಸರಿಮಾಡಿಕೊಂಡು ಓದಿದಳು. "'ಗಂಡ ಬಿಟ್ಟು ಹೋದಾಗ ತುಂಬಾ ಕಷ್ಟ ಆಗಿರ್ಬೇಕು, ಅಲ್ವಾ?' ಹೂಂ. 'ಜನ ಏನೇನೋ ಮಾತಾಡಿರ್ತಾರೆ, ಅಲ್ವಾ?' ಹೂಂ. 'ಆದ್ರೂ ನೀವು ಧೈರ್ಯವಾಗಿ ಅಂಗಡಿ ಹಾಕಿದ್ರಿ, ಅಲ್ವಾ?' ಹೂಂ, ಶರ್ಟು ಸುಡುತ್ತೆ ಸ್ವಲ್ಪ ಸುಮ್ನಿರಮ್ಮ."

ಹನ್ನೊಂದು ಜನರಿದ್ದ ತರಗತಿ ಬಿದ್ದು ಬಿದ್ದು ನಕ್ಕಿತು. ರೇಡಿಯೋ ಎಂಬ ಹೆಸರಿಟ್ಟವರೂ ಅವರೇ. ಒಮ್ಮೆ ಹಾಕಿದರೆ ಆರಿಸಲು ಗುಂಡಿಯೇ ಇಲ್ಲ ಎಂದು ಅವರ ಗೋಳು. ಹೆಸರಿಗೆ ಅವಳು ಎಂದೂ ಬೇಸರ ಮಾಡಿಕೊಂಡವಳಲ್ಲ. ಆದರೆ ಇವತ್ತು ಕಿವಿ ಬಿಸಿಯಾಯಿತು.

ಮೇಡಂ ನಗಲಿಲ್ಲ. "ಇಡೀ ಪುಟದಲ್ಲಿ ಆಕೆದು ಅಂತ ಇರೋದು ಆ ಶರ್ಟಿನ ಮಾತು ಒಂದೇ. ಉಳಿದಿದ್ದೆಲ್ಲ ನಿನ್ನ ಕಥೆ. ಆಕೆ ಹೂಂ ಅಂತ ಮುದ್ರೆ ಒತ್ತಿದ್ದಾಳೆ ಅಷ್ಟೆ. ಸೋಮವಾರ ಹನ್ನೊಂದು ಗಂಟೆ ಒಳಗೆ ಬೇರೆ ಯಾರದ್ದಾದ್ರೂ ಮಾಡ್ಕೊಂಡು ಬಾ. ಇಲ್ಲಾಂದ್ರೆ ಈ ಪತ್ರಿಕೆ ಹೋಯ್ತು, ಮುಂದಿನ ವರ್ಷ ಮತ್ತೆ ಕೂತ್ಕೊಬೇಕು."

ಮುಂದಿನ ವರ್ಷ! ಆ ಕೋಣೆಯಲ್ಲಿ ಕೂರಲು ಅವಳು ನೆಂಟರ ಹತ್ತಿರ ಎಷ್ಟು ಜಗಳ ಕಾದಿದ್ದಳೆಂಬುದು ಅವಳಿಗೇ ಗೊತ್ತು. "ಹೆಂಗಸರ ಬಗ್ಗೆ ಓದೋಕೆ ಯೂನಿವರ್ಸಿಟಿ ಬೇಕಾ, ಅಡುಗೆಮನೆಗೆ ಹೋದ್ರೆ ಸಾಲ್ದಾ?" ಎಂದು ಚಿಕ್ಕಪ್ಪ ಮೂರು ಸಲ ಹೇಳಿ ಮೂರು ಸಲವೂ ತಾನೇ ನಕ್ಕಿದ್ದ. ಮೂರನೇ ಮಹಡಿಯ ಕೊನೆಯ ಕೋಣೆ, ಸರಿಯಾಗಿ ಮುಚ್ಚದ ಕಿಟಕಿ, ಕಾಲು ಕುಂಟುವ ಮೇಜು. ಆದರೂ ಅವಳಿಗೆ ಅದರಷ್ಟು ಇಷ್ಟವಾದ ಜಾಗ ಬೇರೊಂದಿರಲಿಲ್ಲ. ನೂಲಿನ ಗಿರಣಿಯ ಹೆಂಗಸರು, ಸೂಲಗಿತ್ತಿಯರು, ಜೈಲಿನ ಕಾವಲಿನವರು, ಬೇರೆ ಯಾವ ಪುಸ್ತಕದಲ್ಲೂ ಒಂದು ಸಾಲು ಸಿಗದವರು, ಆ ಕೋಣೆಯ ಬೀರುವಿನಲ್ಲಿ ತಮ್ಮ ಬಾಯಿಂದಲೇ ಮಾತಾಡುತ್ತಿದ್ದರು. ಮುಂದೊಂದು ದಿನ ಮೇಡಂ ಕೂರುವ ಕುರ್ಚಿಯಲ್ಲಿ ತಾನು ಕೂರಬೇಕು ಎಂಬುದು ಅವಳ ಆಸೆ. ಅದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ.

ಆ ಬೀರುವಿನ ಮೇಲಿನ ಖಾನೆಯಲ್ಲಿ ಒಂದು ಡಬ್ಬಿ ತುಂಬ ಖಾಲಿ ಕ್ಯಾಸೆಟ್ಟುಗಳಿದ್ದವು. ಮೇಡಂ ಪ್ರಾಯದಲ್ಲಿ ಎರಡು ವರ್ಷ ಓಡಾಡಿ ಒಬ್ಬಾಕೆಯ ಜೀವನವನ್ನೆಲ್ಲ ಹಿಡಿದಿಟ್ಟಿದ್ದರಂತೆ. ಕೊನೆಯಲ್ಲಿ ಆಕೆ ಬೇಡ ಎಂದಳು. ಮೇಡಂ ಆಕೆಯ ಎದುರಿಗೇ ಕೂತು ಒಂದೊಂದನ್ನೇ ಅಳಿಸಿದರು. ವಿಭಾಗದ ಮೂರು ನಿಯಮಗಳಲ್ಲಿ ಕೊನೆಯದು ಅಲ್ಲಿಂದ ಬಂದದ್ದು: ಬರೆದದ್ದನ್ನು ಹೇಳಿದವರಿಗೇ ಓದಲು ಕೊಡಬೇಕು. ಅವರು ಸಹಿ ಹಾಕದಿದ್ದರೆ, ಯಾಕೆ ಎಂದು ಕೇಳದೆ, ಅವರ ಕಣ್ಣೆದುರಿಗೇ ಅಳಿಸಬೇಕು. ಮೊದಲನೆಯದು, ಉತ್ತರವನ್ನು ನಾವೇ ಬಾಯಿಗೆ ಹಾಕಬಾರದು. ಎರಡನೆಯದು, ಅವರು ನಿಲ್ಲಿಸಿದರೆ ಮನಸ್ಸಿನಲ್ಲೇ ಹತ್ತು ಎಣಿಸಬೇಕು, ಎಣಿಸುವ ತನಕ ತುಟಿ ಪಿಟಕ್ಕೆನ್ನಬಾರದು. ರೇಡಿಯೋಗೆ ಮೂರನ್ನು ದಾಟುವುದೇ ಕಷ್ಟ.

"ಯಾರ ಹತ್ರ ಹೋಗ್ಲಿ ಮೇಡಂ?"

"ನಿಮ್ಮನೇಲಿ ಕಡಿಮೆ ಮಾತಾಡೋರು ಯಾರು?"

ಅದಕ್ಕೇನು ಯೋಚನೆ ಮಾಡಬೇಕು? ದೊಡ್ಡಮ್ಮ.

ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಇರುವುದು ಅವರಿಬ್ಬರೇ. ಅಮ್ಮ ತೀರಿಕೊಂಡ ಮೇಲೆ, ಐದು ವರ್ಷದ ಹುಡುಗಿಯನ್ನು ಅಮ್ಮನ ಅಕ್ಕ ತನ್ನ ಬಳಿ ಕರೆದುಕೊಂಡು ಬಂದಿದ್ದಳು. ಮದುವೆಯಾದವಳಲ್ಲ. ಮೂವತ್ತಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು, ಕೊನೆಯ ಇಪ್ಪತ್ತೊಂದು ವರ್ಷ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ಊರೆಲ್ಲ ಮಾತಾಡಿದ್ದನ್ನು ಜೋಡಿಸಿದವಳು ತಾನು ಮಾತ್ರ ಮಾತಾಡುತ್ತಿರಲಿಲ್ಲ. ಹುಡುಗಿ ಶಾಲೆಯಿಂದ ಬಂದು ಅರಳು ಹುರಿದಂತೆ ಶುರುಮಾಡಿದರೆ, ದೂರದೂರಿನ ಕರೆಯವರನ್ನು ಮೂರು ನಿಮಿಷಕ್ಕೊಮ್ಮೆ ಎಚ್ಚರಿಸುತ್ತಿದ್ದ ಕೆಲಸದ ಕಾಲದ ದನಿಯಲ್ಲಿ "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎನ್ನುವಳು. ಅವಳ ತಮಾಷೆ ಅಂತ ಇದ್ದದ್ದು ಅದೊಂದೇ.

ಶುಕ್ರವಾರ ಸಂಜೆ ವಿಭಾಗದ ರೆಕಾರ್ಡರನ್ನು ಮೇಜಿನ ಮೇಲಿಟ್ಟು, ಕೆಂಪು ದೀಪ ಹೊತ್ತಿಸಿ, ರೇಡಿಯೋ ಒಂದೇ ಪ್ರಶ್ನೆ ಕೇಳಿದಳು. "ದೊಡ್ಡಮ್ಮ, ಎಕ್ಸ್‌ಚೇಂಜಲ್ಲಿ ಒಂದು ದಿನ ಹೇಗಿರ್ತಿತ್ತು?"

ದೊಡ್ಡಮ್ಮ ಬಟಾಣಿ ಸುಲಿಯುತ್ತಿದ್ದಳು. ಒಂದು, ಎರಡು, ಮೂರು. ರೇಡಿಯೋ ಉಗುರನ್ನು ಅಂಗೈಗೆ ಒತ್ತಿಕೊಂಡಳು. ಆರಕ್ಕೆ ನಾಲಿಗೆ ತುದಿಗೆ ಪ್ರಶ್ನೆ ಬಂದು ಕೂತಿತು. ಒಂಬತ್ತಕ್ಕೆ ದೊಡ್ಡಮ್ಮ ಬಾಯಿ ತೆರೆದಳು.

"ಮೊದ್ಲು ಕಿವಿ ನೋಯ್ತಿತ್ತು," ಎಂದಳು. ಆಮೇಲೆ ಒಂದೊಂದೇ ಬಂತು. ಸಾಲಾಗಿ ಹನ್ನೆರಡು ಬೋರ್ಡು, ಹನ್ನೆರಡು ಸ್ಟೂಲು. ಯಾರಾದರೂ ಫೋನ್ ಎತ್ತಿದರೆ ಬೋರ್ಡಿನಲ್ಲಿ ಪುಟ್ಟ ದೀಪ ಹೊತ್ತುತ್ತಿತ್ತು. ಒಂದು ವೈರನ್ನು ಅಲ್ಲಿ ಚುಚ್ಚಿ ಇನ್ನೊಂದನ್ನು ಕೇಳಿದ ಕಡೆ ಚುಚ್ಚಬೇಕು. ಹೆಂಗಸರಿಗೆ ಒಂದು ನಿಯಮ: ಮದುವೆಯಾದರೆ ಕೆಲಸ ಬಿಡಬೇಕು. ಎಡಗಡೆಯ ಸ್ಟೂಲಿನವಳು ಗುಟ್ಟಾಗಿ ಮದುವೆಯಾಗಿ ಉಂಗುರವನ್ನು ಊಟದ ಡಬ್ಬಿಯಲ್ಲಿ ಇಟ್ಟುಕೊಂಡು ಏಳು ತಿಂಗಳು ಬಂದಳು. ಹೇಗೋ ಗೊತ್ತಾಯಿತು. ಗುರುವಾರ ಅವಳನ್ನು ಮನೆಗೆ ಕಳಿಸಿದರು.

"ಉಳಿದ ಹನ್ನೊಂದು ಜನ ಕೈತೊಳೆಯೋ ಜಾಗದಲ್ಲಿ ಮಾತಾಡ್ಕೊಂಡ್ವಿ. ಶನಿವಾರ ಹನ್ನೊಂದು ಗಂಟೆಗೆ, ಕೆಲಸ ಕೈತುಂಬ ಇರೋ ಹೊತ್ತಲ್ಲಿ, ಎಲ್ಲರೂ ಒಟ್ಟಿಗೆ ವೈರು ಕೀಳೋದು. ಐದು ನಿಮಿಷ. ಗಡಿಯಾರ ಹನ್ನೊಂದು ಹೊಡೀತು. ಬಲಗಡೆಯವಳು ಕಿತ್ತಳು. ಅವಳ ಪಕ್ಕದವಳು ಕಿತ್ತಳು."

ದೊಡ್ಡಮ್ಮ ನಿಲ್ಲಿಸಿದಳು. ರೇಡಿಯೋಗೆ ಕುರ್ಚಿಯಲ್ಲಿ ಕೂರಲಾಗುತ್ತಿಲ್ಲ. ತನ್ನ ದೊಡ್ಡಮ್ಮ! ಬಟಾಣಿ ಸುಲಿಯುವ ಈ ದೊಡ್ಡಮ್ಮ ಊರಿನ ಬಾಯಿಯನ್ನೇ ಐದು ನಿಮಿಷ ಮುಚ್ಚಿಸಿದವಳು! ನಾಲ್ಕು, ಐದು, ಆರು, ಏಳು.

"ನೀವೂ ಕಿತ್ರಿ, ಅಲ್ವಾ ದೊಡ್ಡಮ್ಮ?"

"ಹೂಂ," ಎಂದಳು ದೊಡ್ಡಮ್ಮ. ಆಮೇಲೆ ಬಟಾಣಿ ಮುಗಿಯಿತು ಎಂದು ಎದ್ದುಬಿಟ್ಟಳು.

ಶನಿವಾರ ಇಡೀ ದಿನ ಕೂತು ರೇಡಿಯೋ ಎಲ್ಲವನ್ನೂ ಬರೆದಳು. ಒಂಬತ್ತು ಪುಟ, ತನ್ನ ಮಾತು ಎರಡೇ ಸಾಲು. ಮೇಡಂ ಎಳೆಯುವ ಮೊದಲೇ ತಾನೇ ಆ ಎರಡರ ಕೆಳಗೆ ಕೆಂಪು ಗೆರೆ ಎಳೆದು, ಹೆಮ್ಮೆಯಿಂದ ಹಾಡಿಕೊಂಡು ಮನೆಯೆಲ್ಲ ಸುತ್ತಿದಳು. ಭಾನುವಾರ ತಿಂಡಿಯಾದ ಮೇಲೆ ಹಾಳೆಗಳನ್ನೂ ಒಪ್ಪಿಗೆಯ ಫಾರಮ್ಮನ್ನೂ ದೊಡ್ಡಮ್ಮನ ಮುಂದಿಟ್ಟಳು. ಫಾರಮ್ಮಿನಲ್ಲಿ ಎರಡು ಚೌಕಗಳಿದ್ದವು. ನಿಜವಾದ ಹೆಸರು ಬಳಸಬಹುದು, ಹೆಸರು ಬದಲಿಸಬೇಕು. ಕೆಳಗೆ ಸಹಿ.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಕೊನೆಯ ಪುಟಕ್ಕೆ ಬಂದಾಗ ಅವಳ ಬೆರಳು ಎರಡನೇ ಕೆಂಪು ಗೆರೆಯ ಮೇಲೆ ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ ಹಾಳೆಗಳನ್ನು ಜೋಡಿಸಿ ಮಗುಚಿಟ್ಟಳು.

"ಬೇಡ ಕಣೆ. ಅಳಿಸಿಬಿಡು."

ಯಾಕೆ ಅಂತ ಕೇಳಬೇಕು, ನಾಳೆ ಹನ್ನೊಂದಕ್ಕೆ ಕೊಡಬೇಕು ಅಂತ ಗೋಗರೆಯಬೇಕು, ನನ್ನ ಒಂದು ವರ್ಷ ಹಾಳಾಗುತ್ತೆ ಅಂತ ಅಳಬೇಕು. ಎಲ್ಲವೂ ಗಂಟಲಿಗೆ ನುಗ್ಗಿ ಬಂದವು. ಅವಳು ಅಂಗಲಾಚಿದರೆ ದೊಡ್ಡಮ್ಮ ಸಹಿ ಹಾಕಿಯೂ ಬಿಡುತ್ತಿದ್ದಳು. ಇದುವರೆಗೆ ಇವಳು ಹಟ ಹಿಡಿದದ್ದಕ್ಕೆ ದೊಡ್ಡಮ್ಮ ಇಲ್ಲವೆಂದದ್ದೇ ಇಲ್ಲ. ಅದು ಗೊತ್ತಿದ್ದದ್ದರಿಂದಲೇ ರೇಡಿಯೋಗೆ ಆ ಡಬ್ಬಿ ನೆನಪಾಯಿತು. ಎರಡು ವರ್ಷದ ದುಡಿಮೆಯನ್ನು ಒಂದು ಮಾತಾಡದೆ ಅಳಿಸಿದ ಮೇಡಂ ಎಂಥ ಹುಚ್ಚಿ ಎಂದು ಅವಳು ಅಂದುಕೊಂಡಿದ್ದುಂಟು. ಈಗ ಅವರ ಮೇಲೆ ಎಷ್ಟು ಗೌರವ ಬಂತೆಂದರೆ ಕಣ್ಣು ತುಂಬಿತು.

ಅವಳು ರೆಕಾರ್ಡರನ್ನು ತಂದು ದೊಡ್ಡಮ್ಮನಿಗೆ ಕಾಣುವ ಹಾಗೆ ಹಿಡಿದಳು. ಅಳಿಸಬೇಕೇ ಎಂದು ಅದು ಕೇಳಿತು. ಗುಂಡಿ ಒತ್ತಿದಳು. ಖಾಲಿ ಎಂದು ತೋರಿಸಿತು. ಒಂಬತ್ತು ಪುಟಗಳನ್ನೂ ನಾಲ್ಕಾಗಿ ಹರಿದು ಮೇಜಿನ ಮೇಲೇ ಇಟ್ಟಳು. ಆಮೇಲೆ ಏನು ಮಾಡುವುದೆಂದು ತೋಚದೆ ಲೋಟಗಳನ್ನು ತೊಳೆಯಲು ಹೋದಳು. ತೊಳೆದದ್ದನ್ನೇ ಎರಡೆರಡು ಸಲ ತೊಳೆದಳು.

"ಯಾಕೆ ಅಂತ ಕೇಳಲ್ವಾ?" ಒಳಗಿನಿಂದ ದೊಡ್ಡಮ್ಮನ ದನಿ.

"ಕೇಳ್ಬಾರ್ದು ಅಂತ ಇದೆ."

"ಯಾರು ಹೇಳಿದ್ದು?"

"ನಮ್ಮ ಮೇಡಂ."

"ಹಾಗಾದ್ರೆ ಓದಿಸೋಕೆ ಬರುತ್ತೆ ಆಕೆಗೆ," ಎಂದಳು ದೊಡ್ಡಮ್ಮ. ಆಮೇಲೆ, "ಬಾ ಇಲ್ಲಿ. ಅದನ್ನ ಮತ್ತೆ ಹಾಕು."

ರೇಡಿಯೋ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಬಂದು ಕೂತಳು. ಕೆಂಪು ದೀಪ ಹೊತ್ತಿತು. ಈ ಸಲ ಅವಳು ಏನನ್ನೂ ಕೇಳಲಿಲ್ಲ. ದೊಡ್ಡಮ್ಮನ ಕೈಯಲ್ಲಿ ಬಟಾಣಿಯೂ ಇರಲಿಲ್ಲ. ಮೊದಲಿನಿಂದ ಹೇಳಿದಳು: ಕಿವಿ ನೋವು, ಬೋರ್ಡು, ಡಬ್ಬಿಯೊಳಗಿನ ಉಂಗುರ, ಕೈತೊಳೆಯುವ ಜಾಗ. ಶನಿವಾರ ಹನ್ನೊಂದು ಹೊಡೆಯಿತು. ಬಲಗಡೆಯವಳು ಕಿತ್ತಳು. ಅವಳ ಪಕ್ಕದವಳು ಕಿತ್ತಳು.

ದೊಡ್ಡಮ್ಮ ನಿಲ್ಲಿಸಿದಳು.

ರೇಡಿಯೋ ಎಣಿಸಿದಳು. ಏಳು ದಾಟಿತು. ಹತ್ತು ದಾಟಿತು. ಕೆಳಗೆ ಕನ್ನಡಕದ ಅಂಗಡಿಯ ಶಟರ್ ಎಳೆದ ಸದ್ದು ಬಂತು. ಇಪ್ಪತ್ತು. ದೊಡ್ಡಮ್ಮ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಮೂವತ್ತನಾಲ್ಕು, ಮೂವತ್ತೈದು.

"ನಾನು ಕೀಳ್ಲಿಲ್ಲ."

ರೇಡಿಯೋ ಎಣಿಸುವುದನ್ನು ಬಿಟ್ಟಳು.

"ವೈರು ಕೈಲೇ ಇತ್ತು. ಹತ್ತು ಬೋರ್ಡು ಕತ್ತಲಾಯ್ತು. ನನ್ನದೊಂದೇ ಹೊತ್ಕೊಂಡಿತ್ತು. ದೊಡ್ಡ ಕಾರಣ ಏನಿಲ್ಲ. ಭಯ, ಅಷ್ಟೆ. ಸಾಹೇಬ್ರು ಬಂದು ನನ್ನ ಬೋರ್ಡ್ ನೋಡಿ, ಒಂದು ನಡೀತಾ ಇದೆಯಲ್ಲ, ಎಕ್ಸ್‌ಚೇಂಜ್ ನಿಂತಿಲ್ಲ ಅಂತ ಬರ್ಕೊಂಡ್ರು. ನಿಂತಿದ್ರೆ ಮೇಲಿನವರೆಗೆ ಸುದ್ದಿ ಹೋಗಿ ಅವಳನ್ನ ವಾಪಸ್ ಕರೀತಿದ್ರೋ ಏನೋ. ಕರೀಲಿಲ್ಲ. ಹತ್ತು ಜನಕ್ಕೂ ಶಿಕ್ಷೆ ಆಯ್ತು. ನನಗೆ ಆಮೇಲೆ ಮೇಲ್ವಿಚಾರಕಿ ಕುರ್ಚಿ ಸಿಕ್ತು. ಅವರಲ್ಲಿ ಒಬ್ಬಳೂ ನನ್ನ ಬೈಲಿಲ್ಲ ಕಣೆ. ಇಪ್ಪತ್ತೊಂದು ವರ್ಷ ಅದೇ ಹಾಲಲ್ಲಿ ಅವರ ಎದುರಿಗೆ ಕೂತಿದ್ದೆ. ಬೈದಿದ್ರೆ ಒಂದು ಮಾತಾದ್ರೂ ಆಗ್ತಿತ್ತು. ಮೊನ್ನೆ ನೀನು ಅಲ್ವಾ ಅಂದೆ. ಹೂಂ ಅನ್ನೋದು ಎಷ್ಟು ಸುಲಭ ಆಗೋಯ್ತು."

ಚಿಕ್ಕಂದಿನಿಂದ ಮಾತೇ ಆಡದ ದೊಡ್ಡಮ್ಮನಿಗೆ ಹೇಳಲು ಏನೂ ಇಲ್ಲವೆಂದು ರೇಡಿಯೋ ತಿಳಿದಿದ್ದಳು. ಪರವಾಗಿಲ್ಲ ಬಿಡಿ ದೊಡ್ಡಮ್ಮ ಎನ್ನಬೇಕೆಂದು ಅವಳ ಜೀವವೆಲ್ಲ ಬಾಯಿಗೆ ಬಂದಿತ್ತು. ಅನ್ನಲಿಲ್ಲ. ಆ ಮಾತೂ ಕೆಂಪು ಗೆರೆಯದ್ದೇ ಎಂದು ಈಗ ಅವಳಿಗೆ ತಿಳಿಯುತ್ತಿತ್ತು. ಇಷ್ಟು ವರ್ಷ ಯಾರೂ ಕೇಳದಿದ್ದುದನ್ನು, ತಾನಾಗಿ ತನ್ನ ಮೇಲೇ ಹೇಳಿಕೊಳ್ಳಲು ಎಷ್ಟು ಎದೆಗಾರಿಕೆ ಬೇಕು! ಆ ಶನಿವಾರ ಇಲ್ಲದ್ದು ಈ ಭಾನುವಾರ ಎಲ್ಲಿಂದ ಬಂತೋ ಎಂದು ಅವಳು ದೊಡ್ಡಮ್ಮನನ್ನೇ ನೋಡುತ್ತಾ ಕೂತಳು. ಮತ್ತೆ ಒಂದರಿಂದ ಎಣಿಸತೊಡಗಿದಳು. ಈ ಸಲ ಹತ್ತಾಯಿತು, ಅರವತ್ತಾಯಿತು, ದೊಡ್ಡಮ್ಮ ಮಾತಾಡಲಿಲ್ಲ. ರೇಡಿಯೋ ಬಾಯಿ ತೆರೆದದ್ದು ಆಮೇಲೆ. ಮೆಲ್ಲಗೆ, ಎಕ್ಸ್‌ಚೇಂಜಿನವರ ದನಿಯಲ್ಲೇ ಕೇಳಿದಳು.

"ಮೂರು ನಿಮಿಷ ಆಯ್ತು. ಮುಂದುವರಿಸ್ತೀರಾ?"

ದೊಡ್ಡಮ್ಮನ ತುಟಿ ಸ್ವಲ್ಪ ಸಡಿಲಾಯಿತು. ಕೈಚಾಚಿ ಫಾರಮ್ಮನ್ನು ಎಳೆದುಕೊಂಡಳು. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಎರಡು ಚೌಕಗಳನ್ನೂ ಓದಿದಳು.

"ಬದಲಿಸಬೇಕು ಅಂತ ಹಾಕಿದ್ರೆ ಏನು ಮಾಡ್ತಾರೆ?"

"ಬೇರೆ ಯಾವುದೋ ಹೆಸರು ಕೊಡ್ತಾರೆ. ಯಾರಿಗೂ ಗೊತ್ತಾಗಲ್ಲ."

"ಪೆನ್ನು ಕೊಡು."

ಅವಳು ಮೊದಲನೇ ಚೌಕಕ್ಕೆ ಗುರುತು ಹಾಕಿದಳು. ಅದರ ಕೆಳಗೆ ತನ್ನ ಹೆಸರನ್ನು, ಅಪ್ಪನ ಹೆಸರು ಸೇರಿಸಿ, ದುಂಡಗೆ, ಪೂರ್ತಿಯಾಗಿ ಬರೆದಳು. ಬರೆದಾದ ಮೇಲೆ ಎಡಗಡೆಯ ಸ್ಟೂಲಿನವಳ ಊರು ಯಾವುದಿತ್ತು ಎಂದು ನೆನಪು ಮಾಡಿಕೊಂಡು, ಮುಂದಕ್ಕೆ ಹೇಳತೊಡಗಿದಳು. ಮೇಜಿನ ಮೇಲೆ ಆ ಪುಟ್ಟ ಕೆಂಪು ದೀಪ ಹೊತ್ತಿಕೊಂಡೇ ಇತ್ತು.