ಇವಳಿಗೇ ಬಂತು

“ಲೆಕ್ಕ ಅಂದ್ರೆ ಏನು ಹುಲೀನಾ, ಹಿಡಿದು ತಿನ್ನೋಕೆ?”

ಖಾಲಿ ಸ್ಟಾಫ್ ರೂಮಿನಲ್ಲಿ ಲೆಕ್ಕದ ಟೀಚರು ಕೇಳಿದರು. ಗೋಡೆ ಸುಮ್ಮನಿತ್ತು. ಮೇಜಿನ ಮೇಲಿದ್ದ ಪರೀಕ್ಷೆಯ ಹಾಳೆಗಳೂ ಬಹುಪಾಲು ಬೋಳು.

ತಪ್ಪು ಮಕ್ಕಳದೊಂದೇ ಅಲ್ಲ. ಆ ಶಾಲೆಯಲ್ಲಿ ಬೆತ್ತ ಹೋಗಿ ಮಗ್ಗಿ ಬಂದಿತ್ತು. ಪಿಸುಗುಟ್ಟಿದವರಿಗೆ ಭಾಷೆಯ ಮೇಷ್ಟ್ರು ಹದಿನೇಳರ ಮಗ್ಗಿ ಬರೆಸುವರು, ತಡವಾಗಿ ಬಂದವರಿಗೆ ಆಟದ ಮೇಷ್ಟ್ರು ಭಾಗಾಕಾರ ಹಾಕುವರು. ಹಾಗೆ ಮಾಡಬೇಡಿ ಎಂದರೆ, “ನಿಮ್ಮ ಸಬ್ಜೆಕ್ಟಿಗೆ ಪುಕ್ಕಟೆ ಪ್ರಚಾರ ಮೇಡಂ,” ಎಂದು ನಗುವರು.

ಹಾಳೆಗಳ ನಡುವೆ ಒಂದು ಮಾತ್ರ ಅರ್ಧ ತುಂಬಿತ್ತು. ಕೊನೆ ಬೆಂಚಿನ ಹುಡುಗಿಯದು. “ನಮ್ಮ ವಂಶಕ್ಕೇ ಲೆಕ್ಕ ಹತ್ತಲ್ಲ, ಬಿಟ್ಬಿಡಿ,” ಎಂದು ಅವಳ ತಾಯಿ ಕೈ ಮುಗಿದಿದ್ದರು. ಟೀಚರು ಬಿಡಲಿಲ್ಲ. ಶಾಲೆ ಬಿಟ್ಟ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ಅಜ್ಜಿ ಪದ್ಯ ಕಲಿಸಿದ್ದ ನಾಲಿಗೆಯಿಂದ ಮಗ್ಗಿಯನ್ನು ರಾಗವಾಗಿ ಹೇಳಿದರು. ತಪ್ಪನ್ನು ಅಳಿಸಬಾರದು, ಹುಡುಕಬೇಕು ಎಂಬುದೊಂದೇ ಕಟ್ಟಳೆ. ಮೊದಮೊದಲು ತುಟಿ ಮಾತ್ರ ಆಡಿಸುತ್ತಿದ್ದವಳು ನಿನ್ನೆ ಸಂಜೆ, “ಇಲ್ಲಿ ಕೂತಿದೆ ನೋಡಿ ಟೀಚರ್, ಕಳ್ಳ,” ಎಂದು ತನ್ನದೇ ತಪ್ಪು ತೋರಿಸಿ ನಕ್ಕಿದ್ದಳು. ಇವಳೊಬ್ಬಳು ದಡ ಸೇರಿದರೆ ಉಳಿದವರ ಭಯವೂ ಬಿಟ್ಟೀತು ಎಂದು ಟೀಚರು ದೇವರ ಮೇಲೆ ಭಾರ ಹಾಕಿದ್ದರು.

ಮಧ್ಯಾಹ್ನ ಅವಳನ್ನೇ ಬೋರ್ಡಿಗೆ ಕರೆದರು. ಭಿನ್ನರಾಶಿಯ ಲೆಕ್ಕ. ಸರಿಯಾಗಿ ಮುಗಿಸಿದಳು. ಟೀಚರಿಗೆ ಹಿಗ್ಗು ತಡೆಯಲಿಲ್ಲ. ತರಗತಿಯತ್ತ ತಿರುಗಿ, “ನೋಡ್ರೋ, ಇವಳಿಗೇ ಬಂತು. ನಿಮಗೇನು ದಾಡಿ?” ಎಂದುಬಿಟ್ಟರು.

“ಕತ್ತೆ ಹಾಡ್ತು ಅಂತ ನಾವೂ ಹಾಡ್ಬೇಕಾ?” ನಡುಬೆಂಚಿನಿಂದ ಯಾರೋ ಅಂದರು. ತರಗತಿಯೆಲ್ಲ ಗೊಳ್ಳೆಂದಿತು.

ಹುಡುಗಿ ನಗಲಿಲ್ಲ, ಅಳಲೂ ಇಲ್ಲ. ಬಿಡಿಸಿದ ಲೆಕ್ಕವನ್ನು ಅಂಗೈಯಿಂದ ಒರೆಸಿ ಹೋಗಿ ಕೂತಳು. ಮಾತು ಆಡಿದರೆ ಹೋಯಿತು. ಮಕ್ಕಳನ್ನು ಲೆಕ್ಕದಿಂದ ಓಡಿಸಲು ದಂಡನೆಯ ಮಗ್ಗಿ ವರ್ಷವಿಡೀ ಮಾಡುವ ಕೆಲಸವನ್ನು ತಮ್ಮ ಮೆಚ್ಚುಗೆ ಒಂದೇ ಉಸಿರಿಗೆ ಮಾಡಿ ಮುಗಿಸಿತೆಂದು ಟೀಚರಿಗೆ ಆಗ ಹೊಳೆಯಿತು.

ಸಂಜೆ ಬಾಗಿಲಲ್ಲೇ ತಡೆದರು. “ಏನೋ ಬಾಯಿ ಜಾರಿತು ಕಣಮ್ಮ. ತಪ್ಪು ನಂದೇ.”

“ನೀವೂ ನನ್ನನ್ನ ಹಾಗೇ ಅಂದ್ಕೊಂಡಿದ್ರಾ ಟೀಚರ್? ದಡ್ಡಿ ಅಂತ?”

ಇಲ್ಲ ಎನ್ನಲು ಬಾಯಿ ತೆರೆದರು. ಆದರೆ ಕಣ್ಣು ಮೊದಲೇ ನೆಲಕ್ಕಿಳಿದಿತ್ತು. ಹುಡುಗಿ ಅದನ್ನೂ ನೋಡಿದಳು.

“ಬೋರ್ಡು ಬೇಡ. ಒಂದೇ ಒಂದು ಲೆಕ್ಕ, ನನ್ನ ಪಕ್ಕ ಕೂತ್ಕೋ ಬಾ.”

“ಕೂರಲ್ಲ ಟೀಚರ್,” ಅವಳು ಚೀಲ ಹೆಗಲಿಗೇರಿಸಿದಳು. “ಇನ್ಮೇಲೆ ಯಾವತ್ತೂ ಕೂರಲ್ಲ.”