ಹೊರೆ ಇಳಿಸುವುದು

ಗಾಜು ಒಡೆಯಲಿಲ್ಲ, ಬೆಳ್ಳಗಾಯಿತು ಅಷ್ಟೇ, ಒಂದೇ ಏಟಿಗೆ ಕಾರಿನ ಇಡೀ ಮುಂಗಾಜು ಜೇಡರ ಬಲೆಯ ಹಾಗೆ ಬಿರಿದು ಬೆಳ್ಳಗಾಗಿ ನಿಂತುಬಿಟ್ಟಿತು, ಆಮೇಲೆ ಕೈ, ಭಾವನ ಬಲಗೈ, ಕೀಲೇ ಇಲ್ಲದ ಕಡೆ ಬಾಗಿದ ಕೈ – ಬೇಡ, ಅದು ಆಮೇಲೆ, ಮೊದಲಿನಿಂದ ಬರೆಯಬೇಕು, ಮುಂದೆ ಬಿಳಿ ಹಾಳೆ ಇದೆ, ಪೆನ್ನು ಕೊಟ್ಟಿದ್ದಾರೆ, ಭದ್ರತಾ ಅಧಿಕಾರಿ ನೀರು ತರಿಸಿ ಪಕ್ಕದಲ್ಲೇ ಕೂತಿದ್ದಾರೆ, ನಿಧಾನಕ್ಕೆ ಬರೀರಿ, ನಡೆದದ್ದು ನಡೆದ ಹಾಗೆ ಬರೀರಿ, ಅವನು ರಾಡ್ ಎತ್ಕೊಂಡು ಜನರ ಮೇಲೆ ಬಂದ, ನೀವು ಕಸ್ಕೊಂಡು ತಡೆದ್ರಿ, ಅಷ್ಟೇ ತಾನೇ, ಒಳ್ಳೇ ಕೆಲ್ಸ ಮಾಡಿದ್ರಿ ಕಣ್ರಿ. ನನ್ನ ತೋಳಿನ ಮೇಲೆ ರಕ್ತವಿದೆ, ನನ್ನದಲ್ಲ. ಜೇಬಿನಲ್ಲಿ ಫೋನು ನಡುಗುತ್ತಿದೆ, ಅಕ್ಕ, ಮೂರನೇ ಸಲ, ತೆಗೆದು ಏನು ಹೇಳಲಿ, ಅಕ್ಕಾ ನಿನ್ನ ಗಂಡನಿಗೆ ಏನೂ ಆಗಿಲ್ಲ, ಒಂದು ಕೈ ಮಾತ್ರ ಅನ್ನಲೇ, ಮೊದಲಿನಿಂದ, ಮೊದಲು ಅಂದರೆ ಎಲ್ಲಿಂದ, ಆ ಪದದಿಂದ. ಸಂಜೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು, ಕಂಪನಿಯ ವರದಿ ಓದುವಾಗ ಮುಖ್ಯವಾದ ಪದದ ಕೆಳಗೆ ಗೆರೆ ಎಳೆಯಿರಿ ಅಂತ, ನಾನು ನಮ್ಮ ಕಾರ್ಖಾನೆಯ ವರದಿ ಹಿಡಿದು ಕೆಂಪು ಪೆನ್ಸಿಲ್ಲು ಚೂಪು ಮಾಡಿಕೊಂಡು ಕೂರುತ್ತಿದ್ದೆ, ಅಡುಗೆಮನೆಯಿಂದ ಭಾವ ಕೂಗುತ್ತಿದ್ದರು, ಏನಂತಾರೋ ನಮ್ಮ ಧಣಿಗಳು, ಸಂಜೆ ಮೇಷ್ಟ್ರೇ, ಸ್ವಲ್ಪ ನಮ್ಮಂಥ ದಡ್ಡರಿಗೂ ಹೇಳು. ಹಳೆಯ ಹೊರೆಯನ್ನು ಹಂತಹಂತವಾಗಿ ಇಳಿಸಲಾಗುವುದು, ಸಂಸ್ಥೆ ಪೂರ್ಣವಾಗಿ ವಿದ್ಯುತ್ ವಾಹನಗಳತ್ತ ಹೊರಳಲಿದೆ – ಹೊರೆ ಎಂಬುದರ ಕೆಳಗೆ ಗೆರೆ ಎಳೆದೆ, ಎರಡು ಸಲ ಎಳೆದೆ. ಹೊರೆ ಅಂದ್ರೆ ಭಾವ, ಹಳೇ ಗೋಡೌನು, ಮಾರಾಟವಾಗದೆ ನಿಂತಿರೋ ಮಾಡೆಲ್ಲು, ಅದನ್ನೆಲ್ಲ ಕಳಚಿ ಹಾಕ್ತಾರೆ, ಆಮೇಲೆ ನೋಡಿ ಶೇರು ಹೇಗೆ ಏರುತ್ತೆ ಅಂತ. ಎಲೆಕ್ಟ್ರಿಕ್ ಗಾಡಿಗೇ ದುಡ್ಡು ಹಾಕೋದಾದ್ರೆ ಹೊಸ ಕಂಪನಿ ಬೇಕಾದಷ್ಟಿವೆಯಲ್ಲೋ, ಈ ಮುದಿ ಕಂಪನಿಯೇ ಯಾಕೆ, ಅಕ್ಕ ಕೇಳಿದಳು, ಸರಿಯಾಗಿಯೇ ಕೇಳಿದಳು, ನಾನು ಬುದ್ಧಿವಂತನ ಹಾಗೆ ನಕ್ಕೆ, ಹೊಸಬರ ಹತ್ತಿರ ಬರೀ ಮಾತಿದೆ ಅಕ್ಕಾ, ಇವರ ಹತ್ತಿರ ಕಾರ್ಖಾನೆ ಇದೆ, ಪಳಗಿದ ಕೈ ಇದೆ. ಪಳಗಿದ ಕೈ ಅಂದೆ, ಅದನ್ನು ಆಸ್ತಿಯ ಪಟ್ಟಿಗೆ ಸೇರಿಸಿದ್ದೆ, ಯಾರ ಕೈ ಅಂತ ಯೋಚಿಸಲಿಲ್ಲವೇ, ಇಪ್ಪತ್ತೆರಡು ವರ್ಷ ಎಂಜಿನ್ ಶಾಪಿನಲ್ಲಿ ಪಿಸ್ಟನ್ನಿಗೆ ಕನೆಕ್ಟಿಂಗ್ ರಾಡ್ ಕೂರಿಸಿದ ಕೈ, ಮೊಳದುದ್ದದ ಉಕ್ಕಿನ ರಾಡನ್ನು ಕಿವಿಯ ಹತ್ತಿರ ಹಿಡಿದು ಬೆರಳಿಂದ ತಟ್ಟಿ, ಇದಕ್ಕೆ ಬಿರುಕಿದೆ ಎಸಿ ಅನ್ನುತ್ತಿದ್ದ ಕೈ, ಕಾರ್ಖಾನೆಯಲ್ಲಿ ನನ್ನ ಮೊದಲ ವಾರದಲ್ಲೇ ಯಂತ್ರದ ಬೆಲ್ಟು ನನ್ನ ತೋಳನ್ನು ಕಚ್ಚಿ ಒಳಕ್ಕೆ ಎಳೆದಾಗ – ಅಂಗಿ ಸುತ್ತಿಕೊಂಡಿತು, ಚರ್ಮ ಸುತ್ತಿಕೊಂಡಿತು – ಆ ಬೆಲ್ಟಿನೊಳಕ್ಕೇ ನುಗ್ಗಿ ನನ್ನನ್ನು ಕಿತ್ತು ತಂದ ಕೈ, ಅಂಗೈಯ ತೊಗಲು ಹಣ್ಣಿನ ಸಿಪ್ಪೆಯ ಹಾಗೆ ಸುಲಿದು ನೇತಾಡುತ್ತಿತ್ತು, ಭಾವ ಬೈದರು, ಅಯ್ಯೋ ಮಂಕೇ, ನಿನ್ನಕ್ಕನಿಗೆ ನಾನು ಏನು ಹೇಳ್ಬೇಕಿತ್ತೋ. ಇಂದು ನಾನು ಏನು ಹೇಳಲಿ. ಫೋನು ನಿಂತಿತು, ಮತ್ತೆ ಶುರುವಾಯಿತು.

ಭಾವ ಮಗಳಿಗೆಂದು ಇಟ್ಟಿದ್ದ ಸೈಟು ಮಾರಿ ನಮ್ಮ ಕಂಪನಿಯದೇ ಶೇರು ಕೊಂಡರು, ಮೇಷ್ಟ್ರು ಹೇಳಿದ್ಮೇಲೆ ಮುಗೀತು ಅಂದರು, ಹತ್ತು ದಿನದ ಹಿಂದೆ ಎಂಜಿನ್ ಶಾಪಿನ ಶಟರಿಗೆ ಮುಚ್ಚಿದೆ ಅಂತ ನೋಟೀಸು ಅಂಟಿತು, ಗೇಟಿನಲ್ಲಿ ಭಾವನ ಕಾರ್ಡು ಕೆಂಪು ದೀಪ ತೋರಿಸಿತು, ಕಾವಲಿನವನು ಎದೆಗೆ ಕೈ ಇಟ್ಟು ದಬ್ಬಿದ, ಹೋಗಯ್ಯಾ ಹೋಗು, ಅದೇ ದಿನ ಶೇರು ಜಿಗಿಯಿತು. ನನ್ನ ಸಂಜೆ ಕಾಲೇಜಿನ ಸರ್ಟಿಫಿಕೇಟು ನೋಡಿ ನನ್ನನ್ನು ಬ್ಯಾಟರಿ ಶೆಡ್ಡಿಗೆ ಹಾಕಿಕೊಂಡಿದ್ದರು, ನಾನು ಹೊರೆಯಲ್ಲ. ನಿನ್ನ ಲೆಕ್ಕ ಸರಿಯಾಗೇ ಇದೆಯಲ್ಲೋ ಮೇಷ್ಟ್ರೇ, ನನ್ನ ಕುತ್ತಿಗೆ ಕೊಯ್ದಷ್ಟೂ ನನ್ನ ಶೇರು ಏರುತ್ತೆ, ಇನ್ನೆರಡು ಸಲ ಕೊಯ್ದ್ರೆ ನಾನು ಸಾಹುಕಾರ, ಭಾವ ನಗುತ್ತಲೇ ಅಂದರು, ಅಕ್ಕ ಮಾರಿಬಿಡಿ ಅಂದಳು, ಇನ್ನಾರು ತಿಂಗಳು ತಡೀರಿ ಭಾವ ಅಂದೆ, ಆಗಲೂ ತಡೀರಿ ಅಂದೆ, ಈ ನಾಲಿಗೆಯನ್ನು ಇಕ್ಕಳದಲ್ಲಿ ಹಿಡಿದು ಕೀಳಬೇಕು. ಇವತ್ತು ಶೇರುದಾರರ ಸಭೆ, ಭಾವನ ಹತ್ತಿರ ಕರೆಯೋಲೆ ಇತ್ತು, ನಾನೂ ಜೊತೆಗೆ ಹೋದೆ, ಗೇಟಿನಲ್ಲಿ ಅದೇ ಕಾವಲಿನವನು ಅದೇ ಭಾವನಿಗೆ ಸಲಾಮು ಹೊಡೆದ, ಬನ್ನಿ ಸಾರ್, ಬ್ಯಾಗು ಕೂಡ ತೆರೆಸಲಿಲ್ಲ, ಭಾರವಾಗಿತ್ತು, ನನ್ನ ಮಂಡಿಗೆ ತಗುಲಿ ಠಣ್ ಅಂದಿತು, ಏನು ಭಾವ ಇದು ಅಂದೆ, ನೀರಿನ ಬಾಟ್ಲಿ ಕಣೋ ಅಂದರು, ಆ ದನಿ ನನಗೆ ಗೊತ್ತಿತ್ತು, ಬಾಟ್ಲಿಯದಲ್ಲ ಅಂತ ಗೊತ್ತಿತ್ತು, ಸುಮ್ಮನಿದ್ದೆ, ಯಾಕೆ ಸುಮ್ಮನಿದ್ದೆ, ಇದನ್ನೂ ಬರೆಯಬೇಕೇ. ವೇದಿಕೆಯ ಕೆಳಗೆ ಹೊಸ ಕಾರು, ಎಣ್ಣೆಯಿಲ್ಲ, ಹೊಗೆಯಿಲ್ಲ, ಒಳಗೆ ರಾಡುಗಳಿಲ್ಲ, ಧಣಿಗಳು ಮೈಕಿನಲ್ಲಿ ಅಂದರು, ಎಂಜಿನ್ ವಿಭಾಗದ ಹೊರೆಯನ್ನು ಪೂರ್ತಿ ಇಳಿಸಿದ್ದೇವೆ, ಚಪ್ಪಾಳೆ, ಪಕ್ಕದ ಮುದುಕರು ಭಾವನ ತೊಡೆ ತಟ್ಟಿ, ಇನ್ನೇನು ಯೋಚನೆ ಇಲ್ಲ ಬಿಡಿ, ನಮ್ಮದು ಡಬಲ್ಲು ಅಂದರು, ಭಾವ ಎದ್ದರು, ಕಾರಿನ ಹತ್ತಿರ ನಡೆದರು, ಬ್ಯಾಗಿನಿಂದ ರಾಡು ಬಂತು, ಏಟು ಬಿತ್ತು, ಗಾಜು ಬೆಳ್ಳಗಾಯಿತು, ಹೆಂಗಸೊಬ್ಬಳು ಚೀರಿದಳು, ಕುರ್ಚಿಗಳು ಉರುಳಿದವು, ಕಾವಲಿನವರು ಲಾಠಿ ಎತ್ತಿ ಓಡಿಬಂದರು, ತಲೆ ಒಡೆಯುತ್ತಾರೆ, ಕೊಂದೇಬಿಡುತ್ತಾರೆ, ನಾನು ಮೊದಲು ತಲುಪಬೇಕು, ಅವರನ್ನು ಉಳಿಸಲೆಂದೇ ಓಡಿದೆ, ಉಳಿಸಲೆಂದೇ ರಾಡು ಕಸಿದೆ, ಉಳಿಸಲೆಂದೇ ಹೊಡೆದೆ –

ಬರೀರಿ, ಕಸಿದುಕೊಂಡೆ ಅಂತ ಬರೀರಿ, ಅಧಿಕಾರಿ ಹೇಳುತ್ತಿದ್ದಾರೆ, ಕಸಿದು ಅಂತ ಬರೆದೆ, ಪೆನ್ನು ನಿಂತಿತು. ಕಸಿಯಲಿಲ್ಲ. ಕಸಿಯುವುದಕ್ಕೆ ಭಾವನ ಕೈಯಲ್ಲಿ ಏನಿತ್ತು. ಒಂದೇ ಏಟು ಹಾಕಿ, ರಾಡನ್ನು ಕಾರಿನ ಬಾನೆಟ್ ಮೇಲೆ ಮೆಲ್ಲಗೆ, ಬಣ್ಣಕ್ಕೆ ಗೀರು ಬೀಳದ ಹಾಗೆ ಮಲಗಿಸಿದರು, ಪಕ್ಕದಲ್ಲಿ ಕೈ ಊರಿದರು, ತುಂಬಿದ ಸಭೆಯಲ್ಲಿ ನನ್ನನ್ನೇ ನೋಡಿ ನಕ್ಕರು, ನೋಡೋ ಮೇಷ್ಟ್ರೇ, ಹೊರೆ ಇಳಿಸ್ದೆ, ನಿನ್ನ ಪಾಠ ಅರ್ಥ ಆಯ್ತು ಕಣೋ – ಎಲ್ಲರೂ ನನ್ನ ಕಡೆ ತಿರುಗಿದರು, ಕಾವಲಿನವರು ಇನ್ನೂ ಬಾಗಿಲ ಹತ್ತಿರ ಇದ್ದರು, ದೂರ ಇದ್ದರು, ಓಡಿಬಂದವನು ನಾನೊಬ್ಬನೇ, ರಾಡು ಎತ್ತಿಕೊಂಡವನು ನಾನು, ಆ ನಗು ನಿಲ್ಲಲಿ ಅನ್ನುವುದೊಂದೇ ಇತ್ತು ತಲೆಯಲ್ಲಿ, ಊರಿದ್ದ ಆ ಕೈಯ ಮೇಲೇ ಬೀಸಿದೆ, ಒಣಗಿದ ಕಡ್ಡಿ ಮುರಿದ ಸದ್ದು, ಜನ ಚಪ್ಪಾಳೆ ತಟ್ಟಿದರು, ನನಗೆ, ಭಾವ ಕಿರುಚಲೂ ಇಲ್ಲ, ಕೈಯನ್ನೇ ನೋಡಿದರು, ಎಲ್ಲಿ ಬಿರುಕು ಅಂತ ಹುಡುಕುವವರ ಹಾಗೆ. ಫೋನು ನಡುಗುತ್ತಿದೆ, ಅಕ್ಕ, ಬರೀರಿ ಸಾರ್, ಮುಂದೇನಾಯ್ತು, ಮುಂದೆ ಏನೂ ಇಲ್ಲ, ಬಾನೆಟ್ ಮೇಲೆ ಒಂದು ಕೈ, ಬರಿಗೈ, ಸುಲಿದು ಕೂಡಿಕೊಂಡ ಹಳೆಯ ಅಂಗೈ, ಕೀಲೇ ಇಲ್ಲದ ಕಡೆ ಬಾಗಿದ ಕೈ, ಕೀಲೇ ಇಲ್ಲದ ಕಡೆ, ಕೈ